ವೆನಿಸ್‌ನಲ್ಲಿ ದಿನಕ್ಕೊಂದು ಹಡಗು ಕಟ್ಟುತ್ತಿದ್ದರಾ?

ಓದುಗರ ಪ್ರಶ್ನೆ: ವೆನಿಸ್‌ನ ಆರ್ಸೆನಲೆ ಅನ್ನೋ ಹಳೇ ಹಡಗುಕಟ್ಟೆಯಲ್ಲಿ ದಿನಕ್ಕೊಂದು ಯುದ್ಧದ ಹಡಗು ಕಟ್ಟಿ ಮುಗಿಸುತ್ತಿದ್ದರಂತೆ, ನಿಜವಾ? ಹಾಗಾದರೆ ಅಸೆಂಬ್ಲಿ ಲೈನ್ (ವಸ್ತು ಮುಂದೆ ಸಾಗುತ್ತಾ ಹೋದ ಹಾಗೆ ಒಂದೊಂದೇ ಭಾಗ ಜೋಡಿಸುವ ಪದ್ಧತಿ) ಶುರು ಮಾಡಿದ್ದು ಕಾರು ಕಂಪನಿಯ ಫೋರ್ಡ್ ಅಲ್ಲ, ಇವರೇ ಅಲ್ವಾ?

ಮತ್ತೆ ಬಂತು. ವಾಟ್ಸಾಪ್‌ನಲ್ಲಿ ಆ ಫಾರ್ವರ್ಡ್ ಒಂದು ಸುತ್ತು ಹೊಡೆದಾಗಲೆಲ್ಲ ಈ ಪ್ರಶ್ನೆ ನನ್ನ ಬಾಗಿಲಿಗೆ ಬರುತ್ತದೆ. ಉತ್ತರ ಎರಡೇ ಸಾಲು. ಕಟ್ಟಿಟ್ಟ ಹಡಗನ್ನು ಒಂದು ದಿನದಲ್ಲಿ ಸಜ್ಜು ಮಾಡಿ ಸಮುದ್ರಕ್ಕೆ ಕಳಿಸುವ ತಾಕತ್ತು ಅವರಿಗಿತ್ತು. ದಿನಕ್ಕೊಂದು ಹಡಗು ಹೊಸದಾಗಿ ಕಟ್ಟುತ್ತಿದ್ದರು ಅನ್ನುವುದು ಸುಳ್ಳು.

ಇತಿಹಾಸ ಬೇಗ ಮುಗಿಸುತ್ತೇನೆ. ಆರ್ಸೆನಲೆ ಶುರುವಾದದ್ದು 1104ರಲ್ಲಿ ಅಂತ ಪ್ರತೀತಿ. ವಿದ್ವಾಂಸರಲ್ಲಿ ಹಲವರು ಅದನ್ನು ಒಪ್ಪುವುದಿಲ್ಲ, ಇನ್ನೂ ನೂರು ವರ್ಷ ಈಚೆಗೆ ತರುತ್ತಾರೆ. 1300ರ ನಂತರ ದೊಡ್ಡದಾಗಿ ಬೆಳೆಯಿತು. 1473ರಲ್ಲಿ ಮತ್ತೊಂದು ಭಾಗ ಸೇರಿತು. ಕೊನೆಗೆ ಗೋಡೆಯೊಳಗೆ ನೂರು ಎಕರೆಗೂ ಜಾಸ್ತಿ ಜಾಗ. ಹಡಗು, ಫಿರಂಗಿ, ಹಗ್ಗ, ಹಾಯಿ, ಹುಟ್ಟು, ಎಲ್ಲ ಅಲ್ಲೇ ಆಗುತ್ತಿತ್ತು. ಹಗ್ಗ ಹೊಸೆಯುವ ಕಟ್ಟಡವೇ 300 ಮೀಟರಿಗಿಂತ ಉದ್ದ, ಇವತ್ತಿಗೂ ನಿಂತಿದೆ.

ಈಗ ಲೆಕ್ಕಕ್ಕೆ ಬರೋಣ. ಪೆನ್ನು ಹಿಡಿದುಕೊಳ್ಳಿ, ಕಷ್ಟದ ಲೆಕ್ಕವೇನಲ್ಲ.

ಅಲ್ಲಿ ಕಟ್ಟುತ್ತಿದ್ದ ಯುದ್ಧದ ಹಡಗಿಗೆ ಗ್ಯಾಲಿ ಅನ್ನುತ್ತಾರೆ. ಸುಮಾರು 40 ಮೀಟರ್ ಉದ್ದ, ಐದು ಮೀಟರ್ ಅಗಲ. ಹಾಯಿ ಇದ್ದರೂ ಯುದ್ಧದಲ್ಲಿ ಅದನ್ನು ಓಡಿಸುವುದು ಹುಟ್ಟು ಹಾಕುವವರು, ಒಂದು ಹಡಗಿಗೆ 150 ಜನ. ನಾವಿಕರು, ಸೈನಿಕರು ಸೇರಿದರೆ ಇನ್ನೂರು ದಾಟುತ್ತದೆ. ದಿನಕ್ಕೊಂದು ಹಡಗು ಅಂದರೆ ವರ್ಷಕ್ಕೆ 365. ಅಷ್ಟಕ್ಕೆ 73,000 ಜನ ಬೇಕು. 16ನೇ ಶತಮಾನದ ನಡುವೆ ಇಡೀ ವೆನಿಸ್ ನಗರದಲ್ಲಿ ಇದ್ದದ್ದು ಸುಮಾರು 1,70,000 ಜನ. ಎರಡೂವರೆ ವರ್ಷದಲ್ಲಿ ತೊಟ್ಟಿಲ ಕೂಸೂ ಹುಟ್ಟು ಹಿಡಿಯಬೇಕಾಗುತ್ತಿತ್ತು.

ಇನ್ನೂ ಅನುಮಾನವೇ? 1571ರ ಲೆಪಾಂಟೊ ಕದನ ನೋಡಿ. ಆಟೋಮನ್ನರ ಎದುರು ನಿಂತ ಕ್ರೈಸ್ತರ ನೌಕಾಪಡೆಯಲ್ಲಿ ಇನ್ನೂರು ಚಿಲ್ಲರೆ ಗ್ಯಾಲಿಗಳು. ವೆನಿಸ್‌ನ ಪಾಲು ಸುಮಾರು 110. ಅದರಲ್ಲೂ ಕೆಲವನ್ನು ಸಜ್ಜು ಮಾಡಿ ಕಳಿಸಿದ್ದು ವೆನಿಸ್‌ನ ಆಳ್ವಿಕೆಯಲ್ಲಿದ್ದ ಕ್ರೀಟ್ ದ್ವೀಪ ಮತ್ತು ಡಾಲ್ಮೇಷಿಯಾ ಕರಾವಳಿಯ ಊರುಗಳು. ದಿನಕ್ಕೊಂದು ಹುಟ್ಟುತ್ತಿದ್ದರೆ ಇದು ಬರೀ ನಾಲ್ಕು ತಿಂಗಳ ಕೆಲಸ. ಉಳಿದ ಹಡಗುಗಳೆಲ್ಲ ಎಲ್ಲಿ ಹೋದವು? ಫಾರ್ವರ್ಡ್ ಮಾಡುವವರು ಇದನ್ನು ಒಂದು ಸಲವೂ ಕೇಳಿಕೊಳ್ಳುವುದಿಲ್ಲ.

ಹಾಗಾದರೆ ಈ ಕತೆ ಹುಟ್ಟಿದ್ದು ಹೇಗೆ? ಎರಡು ಘಟನೆಗಳಿಂದ. 1436ರ ಹೊತ್ತಿಗೆ ಪೆರೊ ಟಾಫುರ್ ಎಂಬ ಸ್ಪೇನ್‌ನ ಪ್ರವಾಸಿ ಅಲ್ಲಿಗೆ ಬಂದಿದ್ದ. ನೀರಿನ ಕಾಲುವೆ, ಎರಡೂ ಕಡೆ ಉಗ್ರಾಣಗಳು. ಖಾಲಿ ಗ್ಯಾಲಿಯನ್ನು ಒಂದು ದೋಣಿ ಎಳೆದುಕೊಂಡು ಬರುತ್ತದೆ. ಒಂದು ಕಿಟಕಿಯಿಂದ ಹಗ್ಗ ಕೊಟ್ಟರು, ಇನ್ನೊಂದರಿಂದ ರೊಟ್ಟಿ, ಮತ್ತೊಂದರಿಂದ ಆಯುಧ. ಕಾಲುವೆಯ ತುದಿ ಮುಟ್ಟುವಷ್ಟರಲ್ಲಿ ಜನ, ಹುಟ್ಟು ಎಲ್ಲ ಸೇರಿ ಹಡಗು ತಯಾರು. ಮೂರು ಗಂಟೆಯಿಂದ ಒಂಬತ್ತರೊಳಗೆ ಹೀಗೆ ಹತ್ತು ಗ್ಯಾಲಿ ಹೊರಟವು ಅಂತ ಬರೆದಿದ್ದಾನೆ. ಗಮನಿಸಿ, ಎಳೆದು ತಂದದ್ದು ಆಗಲೇ ಕಟ್ಟಿ ಮುಗಿಸಿದ್ದ ಹಡಗನ್ನು.

ಇನ್ನೊಂದು 1574ರದ್ದು. ಫ್ರಾನ್ಸಿನ ರಾಜ ಮೂರನೇ ಹೆನ್ರಿ ಪೋಲೆಂಡಿನಿಂದ ಊರಿಗೆ ಮರಳುವ ದಾರಿಯಲ್ಲಿ ವೆನಿಸ್‌ಗೆ ಬಂದ. ಅವನು ಔತಣ ಮುಗಿಸುವಷ್ಟರಲ್ಲಿ ಒಂದು ಗ್ಯಾಲಿ ಜೋಡಿಸಿ ತೋರಿಸಿದರಂತೆ. ಅದು ಅತಿಥಿಯ ಕಣ್ಣು ಕುಕ್ಕಲು ಮಾಡಿದ ಪ್ರದರ್ಶನ. ತುಂಡುಗಳನ್ನೆಲ್ಲ ಮೊದಲೇ ಕೊಯ್ದು, ಅಳೆದು, ಹೊಂದಿಸಿ ಇಟ್ಟಿದ್ದರು. ಮದುವೆ ಮನೆಯಲ್ಲಿ ಬೆಳಗ್ಗೆ ಅರ್ಧ ಗಂಟೆಯಲ್ಲಿ ಐನೂರು ಇಡ್ಲಿ ಬಂದವು ಅಂದರೆ ಹಿಟ್ಟನ್ನೂ ಆಗಲೇ ರುಬ್ಬಿದರು ಅಂತ ಯಾರಾದರೂ ಅಂದುಕೊಳ್ಳುತ್ತಾರಾ?

ನಿಜವಾಗಿ ಒಂದು ಗ್ಯಾಲಿ ಕಟ್ಟಲು ತಿಂಗಳುಗಳೇ ಹಿಡಿಯುತ್ತಿತ್ತು. ಬಡಗಿಗಳು ಅಡಿಮರ, ಪಕ್ಕೆಲುಬು ನಿಲ್ಲಿಸಿ ಹಲಗೆ ಹೊಡೆಯಬೇಕು. ಹಲಗೆಗಳ ಸಂದಿಗೆ ನಾರು ತುಂಬಿ ಡಾಂಬರು ಬಳಿಯುವವರು ಬೇರೆ, ಹುಟ್ಟು ಮಾಡುವವರು ಬೇರೆ. ಪ್ರತಿಯೊಬ್ಬರದ್ದೂ ಪ್ರತ್ಯೇಕ ಕಸುಬಿನ ಸಂಘ.

ನನಗೆ ಕೇಳಿದರೆ ಹೊಗಳಬೇಕಾದದ್ದು ಉಗ್ರಾಣವನ್ನು. 16ನೇ ಶತಮಾನದಲ್ಲಿ ಸರ್ಕಾರ ನೂರು ಗ್ಯಾಲಿಗಳ ಮೀಸಲು ಇಡಬೇಕು ಅಂತ ಗುರಿ ಹಾಕಿಕೊಂಡಿತ್ತು. ಮರದ ಕೆಲಸ ಮುಗಿದ ಹಡಗುಗಳನ್ನು ಸೂರಿನ ಕೆಳಗೆ, ಒಣ ನೆಲದ ಮೇಲೆ ಸಾಲಾಗಿ ಇಡುತ್ತಿದ್ದರು. ಯುದ್ಧ ಬಂತು ಅಂದಾಗ ಸಂದಿ ಮುಚ್ಚಿ, ನೀರಿಗೆ ಇಳಿಸಿ, ಸಾಮಾನು ತುಂಬಿ ಕಳಿಸುವುದು. ಯಾವ ಹಡಗಿನ ಚುಕ್ಕಾಣಿಯಾದರೂ ಇನ್ನೊಂದಕ್ಕೆ ಕೂರುವ ಹಾಗೆ ಅಳತೆ ಒಂದೇ ಇರಬೇಕು ಅಂತ ಪಟ್ಟು ಹಿಡಿಯುತ್ತಿದ್ದರು. ಐನೂರು ವರ್ಷದ ಹಿಂದೆ ಇಷ್ಟು ಅಚ್ಚುಕಟ್ಟು ಎಂದರೆ ಸಣ್ಣ ಮಾತಲ್ಲ. ಇದು ಬಿಟ್ಟು ಇಲ್ಲದ ಪವಾಡ ಯಾಕೆ ಬೇಕು ನಮಗೆ?

ಫೋರ್ಡ್ ವಿಷಯ: ಕಾಲುವೆಯಲ್ಲಿ ಹಡಗು ಸಾಗುತ್ತಾ ಸಾಮಾನು ತುಂಬಿಸಿಕೊಂಡದ್ದು ಅಸೆಂಬ್ಲಿ ಲೈನಿನ ಹಾಗೆ ಕಾಣುತ್ತದೆ, ಒಪ್ಪಿದೆ. ಆದರೆ ಅದು ಕೊನೆಯ ಹಂತ ಮಾತ್ರ. ಹಡಗು ಕಟ್ಟುವ ಕೆಲಸ ನಿಂತಲ್ಲೇ ನಡೆಯುತ್ತಿತ್ತು.

ಇಷ್ಟೆಲ್ಲ ಕೇಳುವವರು ಒಂದು ವಿಷಯ ಮಾತ್ರ ಕೇಳುವುದೇ ಇಲ್ಲ. ಮರ ಎಲ್ಲಿಂದ ಬಂತು? ವೆನಿಸ್ ನಿಂತಿರುವುದು ಉಪ್ಪುನೀರಿನ ನಡುವೆ, ಅಲ್ಲಿ ಹಡಗಿಗಾಗುವ ಮರ ಬೆಳೆಯುವುದಿಲ್ಲ. ಒಡಲಿಗೆ ಓಕ್ ಮರ ಮೊಂಟೆಲ್ಲೊ ಬೆಟ್ಟದಿಂದ. 1471ರಲ್ಲಿ ಆ ಕಾಡನ್ನು ಆರ್ಸೆನಲೆಗೇ ಮೀಸಲಿಟ್ಟರು. ಹುಟ್ಟಿಗೆ ಬೀಚ್ ಮರ ಕನ್ಸಿಲ್ಯೊ ಕಾಡಿನಿಂದ. ಕೂವೆಮರಕ್ಕೆ, ಹಲಗೆಗೆ ಬೇಕಾದದ್ದು ಕಾಡೋರೆಯ ಪರ್ವತಗಳಿಂದ, ದಿಮ್ಮಿಗಳನ್ನು ತೆಪ್ಪದ ಹಾಗೆ ಕಟ್ಟಿ ಪಿಯಾವೆ ನದಿಯಲ್ಲಿ ತೇಲಿಸಿ ತರುತ್ತಿದ್ದರು. ಅಧಿಕಾರಿಗಳು ಕಾಡಿಗೆ ಹೋಗಿ ಮರ ಎಣಿಸಿ, ಗುರುತು ಹಾಕಿ ಬರುತ್ತಿದ್ದರು. ಸುತ್ತಲ ಹಳ್ಳಿಯವರು ತಮ್ಮ ಊರಿನ ಮರಕ್ಕೇ ಕೊಡಲಿ ಹಾಕುವಂತಿರಲಿಲ್ಲ. ಅವರಿಗೆ ಈ ಹಡಗುಗಳ ಮೇಲೆ ಎಂಥ ಅಭಿಮಾನ ಇದ್ದೀತು, ಊಹಿಸಿಕೊಳ್ಳಿ.

ಇಷ್ಟು ಕಾವಲಿದ್ದರೂ ಓಕ್ ಸಾಲದಾಯಿತು. ಸಮುದ್ರದಲ್ಲಿ ಕಾಲವೂ ಬದಲಾಯಿತು, ದೊಡ್ಡ ಫಿರಂಗಿ ಹೊತ್ತ ಹಾಯಿ ಹಡಗುಗಳ ಮುಂದೆ ಗ್ಯಾಲಿ ಸಪ್ಪೆಯಾಯಿತು. ಕ್ರೀಟ್ ದ್ವೀಪಕ್ಕಾಗಿ 1645ರಿಂದ 1669ರವರೆಗೆ ನಡೆದ ಯುದ್ಧದಲ್ಲಿ ಇದೇ ವೆನಿಸ್ ಡಚ್ಚರ, ಇಂಗ್ಲಿಷರ ಹಡಗುಗಳನ್ನು ಬಾಡಿಗೆಗೆ ಹಿಡಿಯಿತು.