ದಾಳ ಹಾಕಿ ಅಳೆದ ಗಿಂಬಳದಾಸೆ

ಖಾತಾ ಮಾಡಿಸಲು ಹೋಗಿ ಕೈ ಸುಟ್ಟುಕೊಂಡು ಬಂದ ಬೆಂಗಳೂರಿನವರ ಬಾಯಲ್ಲಿ ಎರಡು ಮಾತು ತಪ್ಪದೆ ಬರುತ್ತವೆ: ‘ಎಲ್ಲ ಕಲಿಗಾಲ’, ಇಲ್ಲವೇ ‘ಲಂಚ ನಮ್ಮ ಜನರ ರಕ್ತದಲ್ಲೇ ಇದೆ’. ಈ ಎರಡನ್ನೂ ಕೇಳಿದಾಗ ನನಗೆ ತಳಮಳವಾಗುತ್ತದೆ. ಹಣೆಬರಹ ಎಂದುಕೊಂಡವರು ಕಾರಣ ಹುಡುಕುವುದನ್ನೇ ಬಿಟ್ಟುಬಿಡುತ್ತಾರೆ.

ರಕ್ತದ ವಾದ ನ್ಯೂಯಾರ್ಕಿನ ಬೀದಿಯಲ್ಲೇ ಬಿದ್ದುಹೋಗಿದೆ. ಅಲ್ಲಿ ವಿಶ್ವಸಂಸ್ಥೆಯ ರಾಜತಾಂತ್ರಿಕರಿಗೆ ಕಾನೂನಿನ ರಕ್ಷಣೆ ಇತ್ತು. 1997ರಿಂದ 2002ರ ನಡುವೆ ಅವರು ಒಂದೂವರೆ ಲಕ್ಷ ಪಾರ್ಕಿಂಗ್ ದಂಡಗಳನ್ನು ಕಟ್ಟದೆ ಉಳಿಸಿಕೊಂಡಿದ್ದರು. ಲಂಚ ಹೆಚ್ಚಿರುವ ದೇಶಗಳವರ ಬಾಕಿಯೇ ಜಾಸ್ತಿ. 2002ರ ಕೊನೆಗೆ, ಬಾಕಿಯಿಟ್ಟರೆ ನಂಬರ್ ಪ್ಲೇಟ್ ಕಿತ್ತುಕೊಳ್ಳುವ ನಿಯಮ ಬಂದದ್ದೇ ತಡ, ಇಂಥ ದಂಡಗಳು ಶೇ 98ರಷ್ಟು ಇಳಿದವು.

ಹಾಗಿದ್ದರೆ ಭ್ರಷ್ಟಾಚಾರ ಇಷ್ಟು ಆಳಕ್ಕೆ ಬೇರುಬಿಡುವುದು ಹೇಗೆ? ನನಗೆ ಬಹಳ ಹಿಡಿಸಿದ ಉತ್ತರ ಬೆಂಗಳೂರಿನ ಕಾಲೇಜು ವಿದ್ಯಾರ್ಥಿಗಳಿಂದಲೇ ಸಿಕ್ಕಿದೆ. ಅರ್ಥಶಾಸ್ತ್ರಜ್ಞರಾದ ರೀಮಾ ಹನ್ನಾ ಮತ್ತು ಶಿಂಗ್-ಯಿ ವಾಂಗ್ ಈ ವಿದ್ಯಾರ್ಥಿಗಳಿಗೆ ದಾಳ ಕೊಟ್ಟು, ಯಾರೂ ನೋಡದಂತೆ 42 ಸಲ ಹಾಕಿ, ಬಿದ್ದದ್ದನ್ನು ನೀವೇ ಬರೆದುಕೊಡಿ ಎಂದರು. ಮೊತ್ತ ಹೆಚ್ಚಾದಷ್ಟೂ ಹಣ ಹೆಚ್ಚು. ಇದರ ಸೊಗಸು ನೋಡಿ, ಯಾರೂ ಕಣ್ಣಿಡದಿದ್ದರೂ ಸುಳ್ಳು ಬಯಲಾಗುತ್ತದೆ! ಒಂದು ಸಲಕ್ಕೆ ಸರಾಸರಿ ಮೂರೂವರೆ, 42 ಸಲಕ್ಕೆ 147. ಒಮ್ಮೆ ಆರು ಬೀಳುವುದು ಅದೃಷ್ಟವಿರಬಹುದು. ಹಾಕುತ್ತ ಹೋದಂತೆ ಒಂದು, ಎರಡೂ ಬೀಳಲೇಬೇಕು. ಮೊತ್ತ 147ರ ಆಸುಪಾಸಿಗೇ ಬರುತ್ತದೆ. ನೇರವಾಗಿ ಆಡಿದರೆ 173 ದಾಟುವವರು ನೂರಕ್ಕೆ ಸುಮಾರು ಒಬ್ಬರು. ನೂರಕ್ಕೊಬ್ಬರಿಗೆ ಬರಬೇಕಾದಂಥ ಮೊತ್ತವನ್ನು ಇಲ್ಲಿ ಮೂವರಲ್ಲಿ ಒಬ್ಬರು ಬರೆದಿದ್ದರು. ಅಷ್ಟೇ ಅಲ್ಲ, ದೊಡ್ಡ ಮೊತ್ತ ಬರೆದವರಲ್ಲಿ ಸರ್ಕಾರಿ ನೌಕರಿಯ ಆಸೆಯೂ ಹೆಚ್ಚಿತ್ತು. ಡೆನ್ಮಾರ್ಕಿನಲ್ಲಿ ಇಂಥದೇ ಪ್ರಯೋಗ ನಡೆದಾಗ ಫಲಿತಾಂಶ ತಿರುಗುಮುರುಗಾಯಿತು: ಪ್ರಾಮಾಣಿಕರೇ ಸರ್ಕಾರಿ ಕೆಲಸದತ್ತ ಒಲಿದಿದ್ದರು.

ಗಂಟು ಇರುವುದು ಇಲ್ಲೇ. ಗಿಂಬಳಕ್ಕೆ ಹೆಸರಾದ ಇಲಾಖೆಗೆ ಗಿಂಬಳ ಬೇಕಾದವರೇ ಮುಗಿಬೀಳುತ್ತಾರೆ, ಉಳಿದವರು ಅರ್ಜಿಯನ್ನೇ ಹಾಕುವುದಿಲ್ಲ. ಇಲಾಖೆಯ ಹೆಸರು ಇನ್ನಷ್ಟು ಕೆಡುತ್ತದೆ. ಒಳಗೆ ಹೋದವರಿಗೆ ವರ್ಗಾವಣೆಯ ದರ ಕಾದಿರುತ್ತದೆ. ದಕ್ಷಿಣ ಭಾರತದ ನೀರಾವರಿ ಇಲಾಖೆಯಲ್ಲಿ ಎಂಜಿನಿಯರುಗಳು ಹುದ್ದೆಗೆ ಹಣ ಕೊಟ್ಟು ರೈತರಿಂದ ಅದನ್ನು ವಸೂಲಿ ಮಾಡುತ್ತಿದ್ದ ಬಗೆಯನ್ನು ಸಂಶೋಧಕ ರಾಬರ್ಟ್ ವೇಡ್ 1982ರಲ್ಲೇ ದಾಖಲಿಸಿದ್ದರು. ಹಣ ಹಾಕಿ ಬಂದವರು ನಿಯತ್ತಾಗಿರಲು ಹೊರಟರೆ ಸಾಲದಲ್ಲಿ ಮುಳುಗುತ್ತಾರೆ.

ಕಠಿಣ ಪರೀಕ್ಷೆಯಿಟ್ಟು ಸೋಸಿದರಾಯಿತು ಎನ್ನುವವರಿದ್ದಾರೆ. ಜಾಣತನದ ಅಂಕ ನೋಡಿ ಆರಿಸಿದರೆ ದಾಳದ ಸುಳ್ಳುಗಾರರು ಹೊರಗುಳಿಯುವುದಿಲ್ಲ ಎಂಬುದೂ ಬೆಂಗಳೂರಿನ ಅದೇ ಪ್ರಯೋಗದಲ್ಲಿ ಕಂಡುಬಂತು. ಸರ್ಕಾರಿ ನರ್ಸುಗಳಿಗೂ ದಾಳ ಕೊಟ್ಟಿದ್ದರು. ಅಲ್ಲಿ ದೊಡ್ಡ ಮೊತ್ತ ಬರೆದವರೇ ಕೆಲಸಕ್ಕೆ ಚಕ್ಕರ್ ಹೊಡೆಯುವುದರಲ್ಲೂ ಮುಂದಿದ್ದರು.