ತೊಗರಿ ಕಟಗಿಯೊಳಗಿನ ಸಕ್ರಿ, ಅದನ್ನ ಬಿಡಿಸೋ ಬೂಷ್ಟು

ರಾಶಿ ಮುಗದ ಮ್ಯಾಲೆ ನಮ್ ಕಲಬುರಗಿ ಹೊಲದಾಗ ಉಳಿಯೋದು ತೊಗರಿ ಕಟಗಿ, ಬೀದರ್ ಕಡಿ ಕಬ್ಬಿನ ರವದಿ, ಶಹಾಪುರ ಸುರಪುರ ಕಡಿ ಭತ್ತದ ಹುಲ್ಲು, ಹತ್ತಿ ಕಟಗಿ. ಒಂದಿಷ್ಟು ಒಲಿಗೆ, ಒಂದಿಷ್ಟು ದನಕ್ಕ, ಮಿಕ್ಕಿದ್ದಕ್ಕ ಬೆಂಕಿ. ಅದರೊಳಗ ಸಕ್ರಿ ಅದ ಅಂದ್ರ ಭಾಳ ಮಂದಿ ನಂಬಂಗಿಲ್ಲ, ಖರೇನ ಅದ. ಕಟಗಿ, ಹುಲ್ಲು, ಹತ್ತಿ ಅರಿವಿ ಎಲ್ಲಾದರಾಗೂ ಸೆಲ್ಯುಲೋಸ್ ಅನ್ನೋ ನಾರು ಇರ್ತದ, ಅದು ಗ್ಲೂಕೋಸ್ ಅನ್ನೋ ಸಕ್ರಿ ಕೊಂಡಿಗಳ ಉದ್ದನ್ ಸರಪಳಿನೇ.

1819ರಾಗೇ ಫ್ರಾನ್ಸಿನ ಬ್ರಾಕೊನೊ ಅನ್ನೋರು ಹಳೇ ಅರಿವಿಗೆ ಗಂಧಕಾಮ್ಲ ಹಾಕಿ ಸಕ್ರಿ ತೆಗದಿದ್ರು. ಆದ್ರ ಆಸಿಡ್ ಪಾತ್ರೀನೂ ತಿಂತದ, ಬಂದ ಸಕ್ರೀನೂ ಕೆಡಸ್ತದ.

ಬ್ಯಾರೆ ದಾರಿ ಸಿಕ್ಕಿದ್ದು ಎರಡನೇ ಮಹಾಯುದ್ಧದಾಗ. ಪೆಸಿಫಿಕ್ ಸಮುದ್ರದ ಸಾಲೊಮನ್ ದ್ವೀಪಗಳ ಕಡಿ ಅಮೆರಿಕಾ ಸೈನ್ಯದ ಹತ್ತಿ ಟೆಂಟು, ಬಟ್ಟಿ ಎಲ್ಲಾ ಕೊಳತು ಹೋಗ್ಲಿಕ್ಕತ್ತಿದ್ವು, ಅದನ್ನ ತಡೀಲಿಕ್ಕೆ ಹುಡುಕಿದಾಗ ಒಂದು ಹಸರು ಬೂಷ್ಟು ಸಿಕ್ತು. ಅಮೆರಿಕಾ ಸೈನ್ಯದ ಪ್ರಯೋಗಾಲಯದ ವಿಜ್ಞಾನಿಗಳಾದ ಎಲ್ವಿನ್ ರೀಸ್, ಮೇರಿ ಮ್ಯಾಂಡೆಲ್ಸ್ ಇಬ್ಬರೂ ಅದರ ಬೆನ್ನು ಬಿಡಲಿಲ್ಲ, ತಡಿಯೋದಕ್ಕಿಂತ ಅದು ಅರಿವಿ ಹೆಂಗ ತಿಂತದ ಅಂತ ನೋಡಿದ್ರು. ನನಗ ಈ ಕತೀಯೊಳಗ ಭಾಳ ಹಿಡಿಸೋದು ಇದೇ ತಿರುವು. 1977ರಾಗ ಅದಕ್ಕ ರೀಸ್ ಅವರ ಹೆಸರೇ ಇಟ್ರು, ಟ್ರೈಕೊಡರ್ಮಾ ರೀಸೈ.

ಈ ಬೂಷ್ಟು ಸೆಲ್ಯುಲೋಸ್ ಒಡೀಲಿಕ್ಕೆ ಎಂಜೈಮ್ ಅನ್ನೋ ಪ್ರೋಟೀನ್ ಬಿಡ್ತದ. ಅದು ಒಂದಲ್ಲ, ಒಂದು ಗುಂಪು: ಒಂದು ಸರಪಳಿ ನಡುವ ಕಡೀತದ, ಇನ್ನೊಂದು ತುದಿಯಿಂದ ಎರಡೆರಡು ಕೊಂಡಿ ಕಿತ್ತಕೋತ ಹೋಗ್ತದ, ಮೂರನೇದು ಆ ಜೋಡಿ ಒಡದು ಗ್ಲೂಕೋಸ್ ಮಾಡ್ತದ. ಮೂರನೇದು ಈ ಬೂಷ್ಟಿನ್ಯಾಗ ಕಮ್ಮಿ, ಅದಕ್ಕ ಆಸ್ಪರ್ಜಿಲಸ್ ನೈಜರ್ ಬೂಷ್ಟಿನಿಂದ ತಂದು ಕೂಡಸ್ತಾರ.

ಗ್ಲೂಕೋಸ್ ಸಿಕ್ರ ಮುಂದಿಂದು ಹುದುಗಿಸೋ ಕೆಲಸ. ಈಸ್ಟ್ ಹಾಕಿದ್ರ ಪೆಟ್ರೋಲಿಗೆ ಕೂಡಸೋ ಎಥನಾಲ್, ಬ್ಯಾಕ್ಟೀರಿಯಾ ಹಾಕಿದ್ರ ಲ್ಯಾಕ್ಟಿಕ್ ಆಸಿಡ್, ಅದರಿಂದ ಪ್ಲಾಸ್ಟಿಕ್ಕೂ ಮಾಡ್ಲಿಕ್ಕೆ ಬರ್ತದ.

1973ರ ತೈಲ ಬಿಕ್ಕಟ್ಟಿನ್ಯಾಗ ಎಲ್ಲಾರ ಕಣ್ಣು ಇದರ ಮ್ಯಾಲೆ ಬಿತ್ತು, ಎಣ್ಣಿ ಅಗ್ಗ ಆದ ಮ್ಯಾಲೆ ಮರತ್ರು. ನಮ್ ದೇಶದಾಗ 2022ಕ್ಕ ಪಾಣಿಪತ್‌ದಾಗ ಇಂಡಿಯನ್ ಆಯಿಲ್ ಭತ್ತದ ಹುಲ್ಲಿನಿಂದ ಎಥನಾಲ್ ಮಾಡೋ ಪ್ಲಾಂಟ್ ಸುರು ಮಾಡ್ತು, ವರ್ಷಕ್ಕ ಸುಮಾರು 2 ಲಕ್ಷ ಟನ್ ಹುಲ್ಲಿಂದ 3 ಕೋಟಿ ಲೀಟರ್ ತೆಗಿಯೋ ಲೆಕ್ಕ.

ಹುಲ್ಲಿನ ಲೆಕ್ಕ ಕಟಗಿಗೆ ಹಂಗೇ ಹೊಂದಂಗಿಲ್ಲ. ತೊಗರಿ ಕಟಗಿ ಮರದಂಗ ಗಟ್ಟಿ, ಲಿಗ್ನಿನ್ ಅನ್ನೋ ಅಂಟು ಸೆಲ್ಯುಲೋಸ್ ಸುತ್ತ ಕುಂತಿರ್ತದ, ಎಂಜೈಮ್ ಒಳಗ ಹೋಗಬೇಕಂದ್ರ ಮೊದಲ ಪುಡಿ ಮಾಡಿ ಉಗಿಯಾಗೋ ಆಸಿಡ್‌ನಾಗೋ ಸಡಿಲ ಮಾಡಬೇಕು, ಖರ್ಚು ಬೀಳೋದೇ ಅಲ್ಲಿ, ಎಂಜೈಮಿನ ರೇಟು ಬ್ಯಾರೆ, ಹೊಲಹೊಲ ತಿರುಗಿ ಕಟಗಿ ಕೂಡಿಸಿ ಗಾಡಿ ಬಾಡಗಿ ಕೊಡೋದು ಬ್ಯಾರೆ. ಅದಕ್ಕ ಆಳಂದ ರೋಡಿನ ಕೃಷಿ ಸಂಶೋಧನಾ ಕೇಂದ್ರದಂಥ ಕಡಿ ನಮ್ ತೊಗರಿ ತಳಿಗಳ ಕಟಗೀನೇ ತಗೊಂಡು, ಒಂದು ಕ್ವಿಂಟಲ್‌ಗೆ ಎಷ್ಟು ಸಕ್ರಿ ಬಿಡ್ತದ, ರೈತರಿಗೆ ಎಷ್ಟು ಕೊಟ್ರ ಬೆಂಕಿ ಹಚ್ಚದ ಕಟಗಿ ತಂದು ಹಾಕ್ತಾರ ಅನ್ನೋದನ್ನ ಲೆಕ್ಕ ಹಾಕಿ ಊರ ಮಂದಿಗೆ ಹೇಳಬೇಕು.