ಸಿಮ್ಯುಲೇಶನ್ ಅಂದರೆ ವಿಡಿಯೋ ಅಲ್ಲ

ಮುಂಬೈಯ ಕನ್ನಡ ಶಾಲೆಗಳ ಶಿಕ್ಷಕರ ವಾಟ್ಸಾಪ್ ಗುಂಪಿಗೆ ಈ ವಾರವೂ ಒಂದು ಫೈಲ್ ಬಂತು. ‘ಹೃದಯದ ಸಿಮ್ಯುಲೇಶನ್, ಮಕ್ಕಳಿಗೆ ತೋರಿಸಿ’ ಅಂತ. ತೆರೆದರೆ ವಿಡಿಯೋ. ಚೆನ್ನಾಗಿಯೇ ಇದೆ, ಅದಕ್ಕೆ ತಕರಾರಿಲ್ಲ. ಆದರೆ ನಿಲ್ಲಿಸುವುದು, ಮತ್ತೆ ಓಡಿಸುವುದು ಬಿಟ್ಟರೆ ಮಗುವಿಗೆ ಅಲ್ಲಿ ಮಾಡಲು ಏನೂ ಇಲ್ಲ. ಅದು ಅನಿಮೇಶನ್.

ಎರಡೂ ಪದ ಲ್ಯಾಟಿನ್ ಮೂಲದವು. ಎರಡಕ್ಕೂ ನಮ್ಮಲ್ಲಿ ನೆಂಟರಿದ್ದಾರೆ. ಅನಿಮೇಶನ್ ಒಳಗಿರುವುದು ‘ಅನಿಮಾ’, ಅಂದರೆ ಉಸಿರು, ಜೀವ. ಪ್ರಾಣ, ಅನಿಲ ಅನ್ನುವ ಪದಗಳಲ್ಲಿರುವ ‘ಅನ್’ ಧಾತು ಇದರದ್ದೇ ಬಳಗ. ಬರೆದ ಚಿತ್ರಕ್ಕೆ ಜೀವ ಕೊಟ್ಟರೆ ಅನಿಮೇಶನ್. ಸಿಮ್ಯುಲೇಶನ್ ಬಂದದ್ದು ‘ಸಿಮಿಲಿಸ್’ನಿಂದ, ಹೋಲುವ ಅಂತ ಅರ್ಥ. ನಾವು ದಿನಾ ಆಡುವ ‘ಸಮ’ ಕೂಡ ಅದೇ ಬೇರಿನದು. ಲ್ಯಾಟಿನ್‌ನಲ್ಲಿ ‘ಸಿಮ್ಯುಲಾರೆ’ಗೆ ನಟಿಸು, ಸೋಗು ಹಾಕು ಅನ್ನುವ ಅರ್ಥವೂ ಇತ್ತು. ವಿಜ್ಞಾನದಲ್ಲಿ ಆ ಸೋಗು ಹಿಂದೆ ಸರಿದು ಹೋಲಿಕೆ ಉಳಿಯಿತು. ಅದು ರೂಪದ ಹೋಲಿಕೆಯಲ್ಲ, ನಡವಳಿಕೆಯದ್ದು. ಒಳಗೆ ನಿಯಮ ಇರಬೇಕು, ನಾವು ಒಂದು ಅಂಕಿ ಬದಲಿಸಿದರೆ ಆ ನಿಯಮದ ಪ್ರಕಾರ ಲೆಕ್ಕ ಮತ್ತೆ ಆಗಿ ಹೊಸ ಫಲ ಬರಬೇಕು.

ಲೋಲಕವನ್ನೇ ತೆಗೆದುಕೊಳ್ಳಿ. ಕಾರ್ಲ್ ವೀಮನ್ ಅವರು 2001ರಲ್ಲಿ ಭೌತಶಾಸ್ತ್ರದ ನೊಬೆಲ್ ಪಡೆದು 2002ರಲ್ಲಿ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಶುರು ಮಾಡಿದ ‘ಫೆಟ್’ ಅನ್ನುವ ಸಿಮ್ಯುಲೇಶನ್ ಯೋಜನೆಯ ಜಾಲತಾಣದಲ್ಲಿ ಲೋಲಕದ ಸಿಮ್ಯುಲೇಶನ್ ಉಚಿತವಾಗಿ ಸಿಗುತ್ತದೆ. ದಾರ 1 ಮೀಟರ್ ಇದ್ದರೆ ಒಂದು ಪೂರ್ತಿ ತೂಗಾಟಕ್ಕೆ ಸುಮಾರು 2 ಸೆಕೆಂಡ್. ಕಾಲು ಮೀಟರಿಗೆ ಇಳಿಸಿ, 1 ಸೆಕೆಂಡ್ ಆಗುತ್ತದೆ, ಅಂದರೆ ದಾರ ಕಾಲು ಭಾಗವಾದರೂ ಸಮಯ ಅರ್ಧವೇ. ಗುಂಡಿನ ತೂಕ ಜಾಸ್ತಿ ಮಾಡಿ, ಏನೂ ಬದಲಾಗುವುದಿಲ್ಲ. ಅದೇ 1 ಮೀಟರಿನ ದಾರವನ್ನು ಚಂದ್ರನ ಮೇಲೆ ತೂಗಿಸಿದರೆ ಸುಮಾರು 5 ಸೆಕೆಂಡ್. ‘ಭಾರ ಜಾಸ್ತಿಯಾದರೆ ಬೇಗ ತೂಗುತ್ತದೆ’ ಅಂದುಕೊಂಡ ಮಗುವಿಗೆ ಅದನ್ನು ತಾನೇ ಪರೀಕ್ಷಿಸುವ ದಾರಿ ಇಲ್ಲಿದೆ. ವಿಡಿಯೋದಲ್ಲಿ ಆ ದಾರಿ ಇಲ್ಲ, ಅಲ್ಲಿ ಸರಿ ಉತ್ತರ ಮೊದಲೇ ಓಡುತ್ತಿರುತ್ತದೆ.

‘ಮುಂದೆ’ ಬಟನ್ ಒತ್ತುವುದನ್ನು ಇಂಟರಾಕ್ಟಿವ್ ಅನ್ನುವುದೂ ಇದೇ ಗೊಂದಲ. ಕೇಂದ್ರ ಸರ್ಕಾರದ ಕಂಪ್ಯೂಟರ್ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್‌ನ ಮುಂಬೈ ಕೇಂದ್ರ ಮತ್ತು ಅಮೃತಾ ವಿಶ್ವವಿದ್ಯಾಪೀಠ ಸೇರಿ ಮಾಡಿದ ಓಲ್ಯಾಬ್ಸ್ ಅನ್ನುವ ಆನ್‌ಲೈನ್ ಪ್ರಯೋಗಾಲಯ ನೋಡಿ. ಅಲ್ಲಿ ಒಂದೇ ಪ್ರಯೋಗಕ್ಕೆ ಅನಿಮೇಶನ್, ಸಿಮ್ಯುಲೇಟರ್, ವಿಡಿಯೋ ಅಂತ ಬೇರೆ ಬೇರೆ ಟ್ಯಾಬ್ ಇರುತ್ತವೆ. ಮಾಡಿದವರೇ ಬೇರೆ ಇಟ್ಟಿರುವಾಗ ನಾವು ಯಾಕೆ ಕಲಸಬೇಕು?

ಇನ್ನೊಂದು ತಪ್ಪು ಉಲ್ಟಾ ದಿಕ್ಕಿನದು. ಜರ್ಮನಿಯ ಆಹೆನ್‌ನಲ್ಲಿ ತಯಾರಾದ ಫೈಫಾಕ್ಸ್ ಆಪ್ ಅನ್ನು ಕೆಲವರು ಸಿಮ್ಯುಲೇಶನ್ ಅನ್ನುತ್ತಾರೆ. ಅದು ನಿಜವಾದ ಅಳತೆ. ದಾದರ್‌ನಲ್ಲಿ ಲೋಕಲ್ ಹೊರಡುವಾಗ ಫೋನ್‌ನ ಸೆನ್ಸರ್ ಕೊಡುವ ವೇಗೋತ್ಕರ್ಷದ ಗೆರೆ ಆ ರೈಲಿನದ್ದೇ, ಯಾವ ಸೂತ್ರದ್ದೂ ಅಲ್ಲ.

ಸಿಮ್ಯುಲೇಶನ್‌ಗೆ ಗೊತ್ತಿರುವುದು ಅದರೊಳಗೆ ಬರೆದ ನಿಯಮ ಮಾತ್ರ. ಪಠ್ಯಪುಸ್ತಕದ ಲೋಲಕ ಸೂತ್ರ ಸಣ್ಣ ಕೋನಕ್ಕಷ್ಟೇ ಸರಿ. 90 ಡಿಗ್ರಿಯಿಂದ ಬಿಟ್ಟರೆ ನಿಜವಾದ ಲೋಲಕಕ್ಕೆ ಸುಮಾರು 18% ಜಾಸ್ತಿ ಸಮಯ ಬೇಕು. ನಿಮ್ಮ ಕೈಯಲ್ಲಿರುವ ಸಿಮ್ಯುಲೇಶನ್ ಇದನ್ನು ತೋರಿಸುತ್ತದಾ ಅಂತ ನೀವೇ ಮೊದಲು ನೋಡಿಕೊಳ್ಳಿ. ತೋರಿಸದಿದ್ದರೆ ಮಕ್ಕಳಿಗೆ ಹೇಳಿ, ಆಮೇಲೆ ಕ್ಲಾಸಿನಲ್ಲೇ ಒಂದು ದಾರ, ಒಂದು ಕಲ್ಲು ಕಟ್ಟಿ ತೂಗಿಸಿ.